ಮೊಣಕಾಲು ನೋವಿನವರಿಗೆ ಮೊದಲ ಪಾಠ

“ಕುಂತ್ರ ಏಳಾಕ ಆಗವಲ್ದು, ಎದ್ರ ಹೆಜ್ಜಿ ಕಿತ್ತಿಡಾಕ ಆಗವಲ್ದು ನೋಡ್ರಿ.” ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ ಕಡೆಯ ಯಾವ ಆಸ್ಪತ್ರೆಯ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರಲ್ಲಿ ಐವತ್ತು ದಾಟಿದ ಹೆಣ್ಣುಮಕ್ಕಳೇ ಹೆಚ್ಚು. ಎಕ್ಸ್‌ರೇ ತೆಗೆಸುತ್ತಾರೆ, ಮೊಣಕಾಲು ಸವೆದಿದೆ ಎಂದು ತಿಳಿಯುತ್ತದೆ, ಮನೆಗೆ ಬರುವಷ್ಟರಲ್ಲಿ ಊರವರೆಲ್ಲ ಸೇರಿ ಒಂದೇ ಸಲಹೆ ಕೊಟ್ಟಿರುತ್ತಾರೆ: ಇನ್ನು ನಡೆಯಬೇಡ, ಕೂತುಬಿಡು.

ಕೋಗಿಲಬನದಲ್ಲೋ ಜೋಯಿಡಾದ ಒಳಹಳ್ಳಿಯಲ್ಲೋ ಇರುವವರಿಗೆ ಈ ಸಲಹೆ ಪಾಲಿಸಲು ಸಾಧ್ಯವೇ ಇಲ್ಲ. ಬಸ್ಸು ಹಿಡಿಯಲು ನಡೆಯಬೇಕು, ಗದ್ದೆಗೆ ನಡೆಯಬೇಕು, ದನ ಹುಡುಕಲು ನಡೆಯಬೇಕು. ಕೂತು ಉಣ್ಣುವ ಅನುಕೂಲ ಇದ್ದವರಿಗೂ ಈ ಸಲಹೆಯಿಂದ ಲಾಭವಿಲ್ಲ. ಕೂತುಬಿಟ್ಟ ಮೊಣಕಾಲು ಇನ್ನಷ್ಟು ಬಿಗಿಯುತ್ತದೆ, ತೊಡೆಯ ಶಕ್ತಿ ಇಳಿಯುತ್ತದೆ, ಆಮೇಲೆ ಮೊದಲಿಗಿಂತ ಕಡಿಮೆ ದೂರಕ್ಕೇ ನೋವು ಶುರುವಾಗುತ್ತದೆ. ಹೊಸದಾಗಿ ಈ ತೊಂದರೆ ಕಂಡುಕೊಂಡವರು ಮೊದಲು ತಿಳಿಯಬೇಕಾದದ್ದು ಇಷ್ಟು: ನಡಿಗೆ ನಿಲ್ಲಿಸಬೇಡಿ, ನಡಿಗೆಯ ಅಳತೆ ಕಲಿಯಿರಿ. ಆ ಅಳತೆ ಹೇಗೆ ಎಂಬುದನ್ನು ನಿಧಾನವಾಗಿ ನೋಡೋಣ.

ತೊಡೆಯ ಎಲುಬೂ ಕೆಳಗಾಲಿನ ಎಲುಬೂ ಸೇರುವ ಕಡೆ ಎರಡರ ತುದಿಗೂ ನುಣುಪಾದ ಬಿಳಿ ಹೊದಿಕೆ ಇರುತ್ತದೆ. ಇದಕ್ಕೆ ಮೃದ್ವಸ್ಥಿ ಎನ್ನುತ್ತಾರೆ. ದಪ್ಪ ಕೆಲವೇ ಮಿಲಿಮೀಟರ್. ಮುಂದೆ ಚಿಪ್ಪು, ಸುತ್ತಲೂ ಒಂದು ಚೀಲ, ಚೀಲದೊಳಗೆ ಲೋಳೆಯಂಥ ದ್ರವ. ಈ ಹೊದಿಕೆಗೆ ರಕ್ತನಾಳಗಳಿಲ್ಲ. ಹಾಗಾದರೆ ಅದಕ್ಕೆ ಆಹಾರ ಎಲ್ಲಿಂದ? ನೀರಲ್ಲಿಟ್ಟ ಸ್ಪಂಜನ್ನು ಒತ್ತಿ ಬಿಟ್ಟರೆ ಹೇಗೆ ಹಳೆಯ ನೀರು ಹೋಗಿ ಹೊಸ ನೀರು ತುಂಬಿಕೊಳ್ಳುತ್ತದೋ ಹಾಗೆ, ಹೆಜ್ಜೆ ಊರಿದಾಗ ಒತ್ತಡ ಬಿದ್ದು, ಎತ್ತಿದಾಗ ಸಡಿಲಾಗಿ, ಸುತ್ತಲಿನ ದ್ರವದಿಂದಲೇ ಅದು ತನಗೆ ಬೇಕಾದ್ದನ್ನು ಹೀರಿಕೊಳ್ಳುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲು ಆಡಿಸಲಾಗದವರಲ್ಲಿ ಈ ಹೊದಿಕೆ ತೆಳುವಾಗುತ್ತ ಹೋಗುವುದನ್ನು ಸಂಶೋಧಕರು ಕಂಡಿದ್ದಾರೆ. ಅಂದರೆ ಮೊಣಕಾಲಿಗೆ ಊಟ ಸಿಗುವುದೇ ಚಲನೆಯಿಂದ.

ಮೃದ್ವಸ್ಥಿಯಲ್ಲಿ ನರಗಳೂ ಇಲ್ಲ. ನೋವು ಹುಟ್ಟುವುದು ಅದರಡಿಯ ಎಲುಬಿನಲ್ಲಿ, ಉರಿಯೂತ ಬಂದ ಚೀಲದಲ್ಲಿ, ಸುತ್ತಲಿನ ಸ್ನಾಯು ಮತ್ತು ಕಟ್ಟುಗಳಲ್ಲಿ. ಹಾಗಾಗಿಯೇ ಎಕ್ಸ್‌ರೇ ತುಂಬ ಕೆಟ್ಟದಾಗಿದ್ದೂ ಆರಾಮಾಗಿ ಗುಡ್ಡ ಹತ್ತುವವರಿದ್ದಾರೆ. ಎಕ್ಸ್‌ರೇ ಚೆನ್ನಾಗಿದ್ದೂ ರಾತ್ರಿ ನಿದ್ದೆಗೆಡುವವರಿದ್ದಾರೆ. ಎಕ್ಸ್‌ರೇ ಹಾಳೆ ನೋಡಿ ನಿಮ್ಮ ಮುಂದಿನ ಇಪ್ಪತ್ತು ವರ್ಷಗಳ ಲೆಕ್ಕ ಹಾಕಬೇಡಿ. ಮಡಚಿದಾಗ ಕಟಕಟ ಸದ್ದು ಬರುವುದಕ್ಕೂ ಹೆದರಬೇಕಾಗಿಲ್ಲ. ಸದ್ದಿನ ಜೊತೆ ನೋವು, ಬಾವು ಇಲ್ಲದಿದ್ದರೆ ಅದನ್ನು ಅದರ ಪಾಡಿಗೆ ಬಿಡಿ.

ಈಗ ಭಾರದ ಲೆಕ್ಕ. ಜರ್ಮನಿಯ ಬರ್ಲಿನ್ನಿನಲ್ಲಿ ಕೆಲವು ರೋಗಿಗಳಿಗೆ ಒತ್ತಡ ಅಳೆಯುವ ಸಾಧನವಿದ್ದ ಕೃತಕ ಮೊಣಕಾಲು ಹಾಕಿ, ಅವರು ಓಡಾಡುವಾಗ ಒಳಗೆ ಎಷ್ಟು ಭಾರ ಬೀಳುತ್ತದೆಂದು ನೋಡಿದರು. 2010ರಲ್ಲಿ ಪ್ರಕಟವಾದ ಆ ಅಳತೆಯ ಪ್ರಕಾರ, ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮೈತೂಕದ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. 60 ಕಿಲೋ ತೂಗುವ ಹೆಣ್ಣುಮಗಳು ಗುಡ್ಡ ಇಳಿಯುವಾಗ ಒಂದೊಂದು ಹೆಜ್ಜೆಗೂ ಅವಳ ಮೊಣಕಾಲು 200 ಕಿಲೋದಷ್ಟು ಹೊರುತ್ತಿರಬಹುದು. ತಲೆಯ ಮೇಲೆ ಕಟ್ಟಿಗೆ ಹೊರೆ ಇದ್ದರೆ ಅದರ ತೂಕವೂ ಹೀಗೇ ಹಲವು ಪಟ್ಟಾಗಿ ಸೇರುತ್ತದೆ. ಸಮನೆಲದಲ್ಲಿ ನಡೆಯುವುದಕ್ಕಿಂತ ಇಳಿಯುವುದು ಯಾಕೆ ಹೆಚ್ಚು ನೋಯುತ್ತದೆ ಎಂದು ಕೇಳುವವರಿಗೆ ಉತ್ತರ ಇದು.

ನಡಿಗೆಗಿಂತ ಹೆಚ್ಚು ಕಾಡುವುದು ಕುಕ್ಕರಗಾಲಿನ ಕೆಲಸ. ನಮ್ಮ ಭಾಗದ ದಿನಚರಿ ನೆನೆಸಿಕೊಳ್ಳಿ. ಕಳೆ ಕೀಳುವುದು, ಕುಡಗೋಲಿನಿಂದ ಭತ್ತ ಕೊಯ್ಯುವುದು, ಅಂಗಳ ಸಾರಿಸುವುದು, ಪಾತ್ರೆ ತಿಕ್ಕುವುದು, ಒಲೆ ಮುಂದೆ ಕೂತು ಅಡುಗೆ ಮಾಡುವುದು. ಜೋಯಿಡಾದ ಕುಣಬಿಗಳು ಗೆಡ್ಡೆಗೆಣಸು ಅಗೆಯುವುದು, ಗೌಳಿಗರು ಎಮ್ಮೆ ಹಿಂಡುವುದು, ಇವೆಲ್ಲ ಮೊಣಕಾಲನ್ನು ಪೂರ್ತಿ ಮಡಚಿ ಮಾಡುವ ಕೆಲಸಗಳೇ. ಚೀನಾದ ಬೀಜಿಂಗಿನ ಹಿರಿಯರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಹರೆಯದಲ್ಲಿ ದಿನಕ್ಕೆ ಹಲವು ಗಂಟೆ ಕುಕ್ಕರಗಾಲಲ್ಲಿ ಕೂತವರಲ್ಲಿ ಮೊಣಕಾಲಿನ ಈ ತೊಂದರೆ ಹೆಚ್ಚು ಎಂದು ಅದು ತೋರಿಸಿತು. ಥಾಯ್ಲೆಂಡಿನ ಬೌದ್ಧ ಭಿಕ್ಷುಗಳಲ್ಲಿ ನಡೆದ ಅಧ್ಯಯನದಲ್ಲೂ ವರ್ಷಗಟ್ಟಲೆ ನೆಲದ ಮೇಲೆ ಕಾಲು ಮಡಚಿ ಕೂರುವುದಕ್ಕೂ ಸವೆತಕ್ಕೂ ನಂಟು ಕಂಡಿತು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸಾಹತು ಇದೆ. ಅಲ್ಲಿನ ಗಾಂದೆನ್, ಡ್ರೆಪುಂಗ್ ಮಠಗಳಲ್ಲಿ ಭಿಕ್ಷುಗಳು ಪಾಠಕ್ಕೂ ಪ್ರಾರ್ಥನೆಗೂ ಗಂಟೆಗಟ್ಟಲೆ ಪದ್ಮಾಸನ ಹಾಕಿ ಕೂರುತ್ತಾರೆ. ಅವರಲ್ಲಿ ವಯಸ್ಸಾದವರೂ ಈ ಮಾತಿಗೆ ಕಿವಿಗೊಡಬೇಕು.

ನೆಲದ ಮೇಲೆ ಕೂರುವುದು ಪಾಪವೆಂದು ಯಾರೂ ತಿಳಿಯಬೇಡಿ. ನೋವಿಲ್ಲದವರಿಗೆ ಅದು ಒಳ್ಳೆಯ ಅಭ್ಯಾಸವೇ. ನೋವು ಶುರುವಾದ ಮೇಲೆ ಮಾತ್ರ ಹೊತ್ತು ಕಡಿಮೆ ಮಾಡಬೇಕು, ಎತ್ತರ ಹೆಚ್ಚಿಸಬೇಕು. ಕಳೆ ಕೀಳುವಾಗ ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಹಾಲು ಹಿಂಡಲು, ಪಾತ್ರೆ ತಿಕ್ಕಲು ಗೇಣೆತ್ತರದ ಮಣೆ ಬಿಟ್ಟು ಮೊಣಕಾಲೆತ್ತರದ ಸ್ಟೂಲು ಇಟ್ಟುಕೊಳ್ಳಿ. ಉದ್ದ ಹಿಡಿಯ ಕಸಬರಿಗೆ ಬಳಸಿ. ಒಲೆಯನ್ನು ಕಟ್ಟೆಯ ಮೇಲಕ್ಕೆ ಎತ್ತಲಾದರೆ ಎತ್ತಿಸಿ. ಪಾಯಿಖಾನೆಯ ವಿಷಯದಲ್ಲಿ ನಮ್ಮಲ್ಲಿ ಸುಮ್ಮನೆ ನಾಚಿಕೆ. ಇರುವ ಪಾಯಿಖಾನೆಯ ಮೇಲೇ ಇಡಬಹುದಾದ, ನಡುವೆ ರಂಧ್ರವಿರುವ ಕುರ್ಚಿ ದಾಂಡೇಲಿ, ಹಳಿಯಾಳದಂಥ ಊರಿನ ಔಷಧಿ ಅಂಗಡಿಯಲ್ಲಿ ಹೇಳಿದರೆ ತರಿಸಿಕೊಡುತ್ತಾರೆ. ಗೋಡೆಗೊಂದು ಗಟ್ಟಿ ಹಿಡಿಕೆ ಕೂರಿಸಿದರೆ ಇನ್ನೂ ಒಳ್ಳೆಯದು. ತಿಂಗಳ ಗುಳಿಗೆಯ ಖರ್ಚಿಗಿಂತ ಈ ಎರಡರ ಖರ್ಚು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಅಳತೆ. ನೋವೇ ಇಲ್ಲದ ಸ್ಥಿತಿಯನ್ನು ಸೊನ್ನೆ ಎಂದೂ ತಡೆಯಲಾಗದ ನೋವನ್ನು ಹತ್ತು ಎಂದೂ ಇಟ್ಟುಕೊಳ್ಳಿ. ನಡೆಯುವಾಗ, ವ್ಯಾಯಾಮ ಮಾಡುವಾಗ ನೋವು ಐದರೊಳಗೆ ಇದ್ದರೆ ಮುಂದುವರಿಯಬಹುದು. ಮರುದಿನ ಬೆಳಿಗ್ಗೆ ಹೊತ್ತಿಗೆ ಅದು ಮಾಮೂಲಿ ಮಟ್ಟಕ್ಕೆ ಇಳಿದಿರಬೇಕು. ಇಳಿಯಲಿಲ್ಲವೋ, ಮೊಣಕಾಲು ಊದಿತೋ, ನಿನ್ನೆ ಮಾಡಿದ್ದು ಹೆಚ್ಚಾಯಿತು ಎಂದು ಅರ್ಥ. ಇವತ್ತು ಅದರ ಅರ್ಧ ಮಾಡಿ. ಪೂರ್ತಿ ಬಿಡಬೇಡಿ. 2013ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತಿರುವ ‘ಗ್ಲಾಡ್’ ಎಂಬ ತರಬೇತಿಯೂ ಇದೇ ನಿಯಮ ಕಲಿಸುತ್ತದೆ. ಎರಡು ದಿನ ತಿಳಿವಳಿಕೆಯ ಪಾಠ, ಆಮೇಲೆ ಆರು ವಾರಗಳಲ್ಲಿ ಹನ್ನೆರಡು ಬಾರಿ ವ್ಯಾಯಾಮ, ಇಷ್ಟೇ ಅದರ ಕ್ರಮ. ನೋವು ಬಂತೆಂದರೆ ಒಳಗೇನೋ ಹರಿಯಿತು ಎಂಬ ಭಯ ಹೋದರೆ ಅರ್ಧ ದಾರಿ ಸಾಗಿದಂತೆ.

ವ್ಯಾಯಾಮಗಳಲ್ಲಿ ಒಂದನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಒಂದನ್ನೇ ಸರಿಯಾಗಿ ಮಾಡುವವರು ಹತ್ತು ಹಾಳೆ ತುಂಬ ಚಿತ್ರ ತಂದು ಕಪಾಟಿನಲ್ಲಿಡುವವರಿಗಿಂತ ಬೇಗ ಸುಧಾರಿಸುತ್ತಾರೆ.

ಕುರ್ಚಿಯಿಂದ ಏಳುವುದು. ಬೆನ್ನಿರುವ ಗಟ್ಟಿ ಕುರ್ಚಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ತಾಗಿಸಿ ಇಡಿ. ಟೈಲ್ಸ್ ಮೇಲಂತೂ ಅದು ಹಿಂದಕ್ಕೆ ಜಾರುತ್ತದೆ. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕೂರಿ. ಪಾದಗಳ ನಡುವೆ ಸೊಂಟದಷ್ಟು ಅಗಲವಿರಲಿ, ಹಿಮ್ಮಡಿ ಮೊಣಕಾಲಿಗಿಂತ ತುಸು ಹಿಂದಿರಲಿ. ಕೈಗಳನ್ನು ಎದೆಗೆ ಅಡ್ಡ ಕಟ್ಟಿ. ಬೆನ್ನು ನೇರವಾಗಿಟ್ಟು ಸೊಂಟದಿಂದ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳುಗಳ ನೇರಕ್ಕೆ ಬರಬೇಕು. ಈಗ ಹಿಮ್ಮಡಿ ಒತ್ತಿ ಏಳಿ. ಮೊಣಕಾಲುಗಳು ಒಳಮುಖವಾಗಿ ಒಂದಕ್ಕೊಂದು ತಾಗುವಂತೆ ಬಾಗಬಾರದು, ಪಾದ ನೋಡುವ ಕಡೆಗೇ ನೋಡುತ್ತಿರಬೇಕು. ಪೂರ್ತಿ ನೆಟ್ಟಗೆ ನಿಂತು, ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುತ್ತ ನಿಧಾನವಾಗಿ ಕೂರಿ. ಧೊಪ್ಪನೆ ಬೀಳಬಾರದು. ತೊಡೆಗೆ ಶಕ್ತಿ ಬರುವುದು ಈ ಇಳಿಯುವ ಹೊತ್ತಿನಲ್ಲೇ.

ಏಳಲು ಕಷ್ಟವಾದರೆ ಕುರ್ಚಿಯ ಎತ್ತರ ಹೆಚ್ಚಿಸಿ. ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳು ಹಳೆ ಸೀರೆಗಳಿಂದ ಹೊಲಿಯುವಂಥ ದಪ್ಪ ಕೌದಿ ಮನೆಯಲ್ಲಿದ್ದರೆ ಅದನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡರೆ ಸಾಕು. ವಾರ ಕಳೆದಂತೆ ಒಂದೊಂದು ಮಡಿಕೆ ತೆಗೆಯಿರಿ. ಮೊದಲ ವಾರ ಐದು ಸಲ, ಸ್ವಲ್ಪ ಬಿಡುವು, ಮತ್ತೆ ಐದು ಸಲ. ಒಂದು ದಿನ ಬಿಟ್ಟು ಒಂದು ದಿನ ಮಾಡಿದರೂ ಸಾಕು. ಮೆಲ್ಲಗೆ ಹತ್ತಕ್ಕೆ ಏರಿಸಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡೇ ವಾರಕ್ಕೆ ಏನೂ ಆಗಲಿಲ್ಲ ಎಂದು ಬಿಟ್ಟವರು ಬಹಳ ಮಂದಿ. ಭತ್ತಕ್ಕೆ ಕಾಯುವವರು ತೊಡೆಗೂ ಅಷ್ಟು ಕಾಯಬೇಕು.

ಇದೂ ಆಗದಷ್ಟು ನೋವಿದ್ದವರು ಮಲಗಿಕೊಂಡೇ ಶುರುಮಾಡಬಹುದು. ಮೊಣಕಾಲಿನಡಿ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹೀಗೆ ಹತ್ತು ಸಲ. ಕಿಟಕಿ ಸರಳು ಹಿಡಿದು ನಿಂತು ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು ಸೊಂಟದ ಬದಿಗೆ ಬಲ ಕೊಡುತ್ತದೆ. ನಡೆಯುವಾಗ ಮೈ ಓಲಾಡುವುದು ಕಡಿಮೆಯಾಗುತ್ತದೆ.

ನಡಿಗೆಯ ಬಗ್ಗೆ ಪೇಟೆಯ ಪುಸ್ತಕಗಳು ಕೊಡುವ ಸಲಹೆ ನಮ್ಮಲ್ಲಿ ಹಾಗೇ ನಡೆಯದು. ಬೆಳಕು ಹರಿಯುವ ಮುನ್ನ ವಾಕಿಂಗ್ ಹೋಗಿ ಎನ್ನುತ್ತಾರೆ. ಕಾಳಿ ಹುಲಿ ಮೀಸಲು ಪ್ರದೇಶದ ಅಂಚಿನ ಹಳ್ಳಿಗಳಲ್ಲಿ ಆ ಹೊತ್ತಿಗೆ ದಾರಿಯಲ್ಲಿ ಕರಡಿಯೂ ಆನೆಯೂ ಎದುರಾಗಬಹುದು. ಬಿಸಿಲು ಬಿದ್ದ ಮೇಲೇ ಹೋಗಿ, ಜೊತೆ ಕಟ್ಟಿಕೊಂಡು ಹೋಗಿ. ಒಂದೇ ಸಲಕ್ಕೆ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷದಂತೆ ಮೂರು ಸಲ ನಡೆದರೂ ಲೆಕ್ಕಕ್ಕೆ ಬರುತ್ತದೆ. ಜೋಯಿಡಾದ ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುತ್ತದೆ. ಜಾರಿ ಬಿದ್ದರೆ ಸವೆದ ಮೊಣಕಾಲಿನ ಜೊತೆ ಮುರಿದ ಸೊಂಟವೂ ಸೇರುತ್ತದೆ. ಆ ನಾಲ್ಕು ತಿಂಗಳು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಯಿರಿ, ಕುರ್ಚಿಯ ವ್ಯಾಯಾಮ ತಪ್ಪಿಸಬೇಡಿ. ಅಡಿ ಸವೆದ ಹವಾಯಿ ಚಪ್ಪಲಿ ಬೇಡ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಕೋಲು ಹಿಡಿಯಲು ಬಹಳ ಜನ ಹಿಂಜರಿಯುತ್ತಾರೆ. ಹಿಡಿದವರಲ್ಲೂ ಹೆಚ್ಚಿನವರು ನೋವಿರುವ ಕಡೆಯ ಕೈಯಲ್ಲೇ ಹಿಡಿಯುತ್ತಾರೆ. ಬಲ ಮೊಣಕಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜೊತೆಗೇ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯವರೆಗೆ ಬರುವ ಉದ್ದ ಸರಿ. ನಮ್ಮ ಕಾಡಂಚಿನ ಬಿದಿರಿನ ಕೋಲೇ ಆದೀತು. ತುದಿಗೆ ರಬ್ಬರಿನ ಟೋಪಿ ಹಾಕಿಸಿ.

ತೂಕದ ಮಾತು ಎಲ್ಲರಿಗೂ ಒಂದೇ ಅಲ್ಲ. ದಿನವಿಡೀ ದುಡಿದು ಬಡಕಲಾಗಿರುವ ಹೆಣ್ಣುಮಗಳಿಗೆ ತೂಕ ಇಳಿಸು ಎನ್ನುವುದು ಅನ್ಯಾಯ. ಅವಳಿಗೆ ಬೇಕಾದದ್ದು ಹೊಟ್ಟೆ ತುಂಬ ಬೇಳೆ, ಕಾಳು, ಮೊಟ್ಟೆ, ಮೀನು, ಜೊತೆಗೆ ತೊಡೆಗೆ ಶಕ್ತಿ. ತೂಕ ನಿಜಕ್ಕೂ ಹೆಚ್ಚಿರುವವರಿಗೆ ಮಾತ್ರ ಅದನ್ನು ಇಳಿಸುವುದರಷ್ಟು ಫಲ ಕೊಡುವ ಮದ್ದು ಇನ್ನೊಂದಿಲ್ಲ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ ಎಂದು 2005ರ ಅಮೆರಿಕದ ಅಧ್ಯಯನ ಲೆಕ್ಕ ಹಾಕಿತು. ಅದೇ ಸಂಶೋಧಕರು 454 ಜನರನ್ನು ಹದಿನೆಂಟು ತಿಂಗಳು ಗಮನಿಸಿ 2013ರಲ್ಲಿ ಹೇಳಿದ್ದು: ಊಟದ ಹಿಡಿತ ಮತ್ತು ವ್ಯಾಯಾಮ ಎರಡನ್ನೂ ಮಾಡಿ ನೂರಕ್ಕೆ ಹತ್ತರಷ್ಟು ತೂಕ ಇಳಿಸಿದವರ ನೋವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಔಷಧಿಯಲ್ಲಿ ಮೊದಲ ಸ್ಥಾನ ಹಚ್ಚುವ ಜೆಲ್‌ಗೆ. ಡೈಕ್ಲೋಫೆನಾಕ್ ಇರುವ ಜೆಲ್ಲನ್ನು ದಿನಕ್ಕೆ ಮೂರ್ನಾಲ್ಕು ಸಲ ಕೆಲವು ವಾರ ಹಚ್ಚಿ ನೋಡುವುದು ನುಂಗುವ ಗುಳಿಗೆಗಿಂತ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಗುರ. ನೋವಿನ ಗುಳಿಗೆಯನ್ನು ಅಂಗಡಿಯಿಂದ ನೇರವಾಗಿ ತಂದು ತಿಂಗಳುಗಟ್ಟಲೆ ನುಂಗುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಹೊಟ್ಟೆಹುಣ್ಣು ಇದ್ದವರು ವೈದ್ಯರನ್ನು ಕೇಳದೆ ಒಂದನ್ನೂ ನುಂಗಬಾರದು. ಎರಡೇ ದಿನಕ್ಕೆ ನೋವೆಲ್ಲ ಮಾಯ ಮಾಡುವ ಹೆಸರಿಲ್ಲದ ಪುಡಿಗಳಿಂದ ದೂರವಿರಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಬಿಸಿ ಶಾಖ, ಎಣ್ಣೆ ತಿಕ್ಕುವುದು ಹಿತವೆನಿಸಿದರೆ ಮಾಡಿಕೊಳ್ಳಿ. ಎಕ್ಕದ ಎಲೆ ಕಟ್ಟುವವರು ಅದರ ಹಾಲಿನಿಂದ ಚರ್ಮ ಸುಡುತ್ತದೆ, ಕಣ್ಣಿಗೆ ತಾಗಿದರೆ ಅಪಾಯ ಎಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಶಾಖ ಎಷ್ಟಾಯಿತೆಂದೇ ತಿಳಿಯುವುದಿಲ್ಲ.

ಕೀಲಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ಇಳಿಸುತ್ತದೆ. ಊದಿಕೊಂಡು ವ್ಯಾಯಾಮವೇ ಮಾಡಲಾಗದವರಿಗೆ ಅದು ನೆರವು. ಪದೇ ಪದೇ ಬೇಡ: ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ತೆಗೆದುಕೊಂಡವರಲ್ಲಿ ಮೃದ್ವಸ್ಥಿ ಇನ್ನಷ್ಟು ತೆಳುವಾಯಿತು, ನೋವೂ ಬೇರೆಯವರಿಗಿಂತ ಕಡಿಮೆಯಾಗಲಿಲ್ಲ ಎಂದು 2017ರಲ್ಲಿ ತಿಳಿಯಿತು. ದೂರ್ಬೀನು ಹಾಕಿ ಒಳಗೆ ತೊಳೆಯುವ ಶಸ್ತ್ರಕ್ರಿಯೆಯ ಕತೆಯೂ ಹೀಗೆಯೇ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಶಸ್ತ್ರಕ್ರಿಯೆ, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿದರು. ಎರಡು ವರ್ಷವಾದರೂ ಎರಡೂ ಗುಂಪಿನ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದು 2002ರ ಮಾತು.

ಕೀಲು ಬದಲಾಯಿಸುವ ಶಸ್ತ್ರಕ್ರಿಯೆ ಬೇರೆ ವಿಷಯ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರಿಗೆ 2000 ಮತ್ತು 2001ರಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಮೊಣಕಾಲು ಬದಲಾಯಿಸಿದಾಗ ದೇಶಕ್ಕೆಲ್ಲ ಇದರ ಹೆಸರು ಗೊತ್ತಾಯಿತು. ಮುಂಡಗೋಡದ ಟಿಬೆಟನ್ನರಿಗೆ 2024ರ ಜೂನ್ ನೆನಪಿರುತ್ತದೆ. ದಲೈ ಲಾಮಾ ಅವರಿಗೆ 88ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ಈ ಶಸ್ತ್ರಕ್ರಿಯೆ ಆಯಿತು. ಹಾಕಿದ ಕೃತಕ ಕೀಲುಗಳಲ್ಲಿ ಹತ್ತಕ್ಕೆ ಎಂಟು 25 ವರ್ಷ ಬಾಳುತ್ತವೆ. ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿಯೂ ರಾತ್ರಿ ನಿದ್ದೆ ಬಾರದಿದ್ದರೆ, ಮನೆಯಿಂದ ಬಸ್ ನಿಲ್ದಾಣಕ್ಕೂ ಹೋಗಲಾಗದಿದ್ದರೆ ಅದರ ಬಗ್ಗೆ ಕೇಳಿ. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಕಾರವಾರದ ವೈದ್ಯಕೀಯ ಕಾಲೇಜು ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್). ಹೋದಾಗ ಫಿಸಿಯೋಥೆರಪಿ ವಿಭಾಗಕ್ಕೂ ಹೋಗಿ ವ್ಯಾಯಾಮವನ್ನು ಕಣ್ಣಾರೆ ನೋಡಿ ಕಲಿತು ಬನ್ನಿ. ದಿನಾ ಅಷ್ಟು ದೂರ ಹೋಗಬೇಕಾಗಿಲ್ಲ, ಕಲಿತದ್ದನ್ನು ಮನೆಯಲ್ಲಿ ಮಾಡಿದರಾಯಿತು.

ಎಲ್ಲ ಮೊಣಕಾಲು ನೋವೂ ಸವೆತದ್ದಲ್ಲ. ಜ್ವರದ ಜೊತೆ ಮೊಣಕಾಲು ಕೆಂಪಾಗಿ ಬಿಸಿಯಾಗಿ ಊದಿದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆಯ ಬಿಗಿತ ಅರ್ಧ ಗಂಟೆ ಮೀರಿ ಉಳಿದು, ಕೈಬೆರಳಿನ ಕೀಲುಗಳೂ ಊದುತ್ತಿದ್ದರೆ ಅದು ಬೇರೆ ಬಗೆಯ ಸಂಧಿವಾತವಿರಬಹುದು. ಅದಕ್ಕೆ ಬೇರೆಯೇ ಔಷಧಿ. 2006ರ ಸುಮಾರಿಗೆ ಚಿಕೂನ್‌ಗುನ್ಯಾ ಕರ್ನಾಟಕವನ್ನು ಹೇಗೆ ಮಲಗಿಸಿತ್ತು ಎಂಬುದು ಹಿರಿಯರಿಗೆ ನೆನಪಿದೆ. ಆ ಜ್ವರದ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆ.

ಕೊನೆಗೆ ಮನೆಯ ಕಿರಿಯರಲ್ಲಿ ಒಂದು ವಿನಂತಿ. ಅವ್ವನಿಗೆ ದುಬಾರಿ ಟಾನಿಕ್ಕು, ಕ್ಯಾಲ್ಸಿಯಂ ಡಬ್ಬಿ ತರುವ ಮೊದಲು ಪಾಯಿಖಾನೆಗೆ ಕುರ್ಚಿ ತನ್ನಿ, ಮೆಟ್ಟಿಲಿನ ಪಕ್ಕ ಹಿಡಿಕೆ ಹಾಕಿಸಿ, ಕಟ್ಟಿಗೆ ಹೊರೆಯನ್ನು ನೀವು ಹೊರಿ. ಸಂಜೆ ಕುರ್ಚಿ ಗೋಡೆಗೆ ತಾಗಿಸಿಟ್ಟು, ಅವ್ವ ಎದ್ದು ಕೂರುವಾಗ ಪಕ್ಕದಲ್ಲಿ ನಿಂತು ಎಣಿಸಿ.